ಅವ್ವಣ್ಣ ಒಡೆದ ಗಿಲಾವು

ಪುಣೆ ಕ್ಯಾಂಪಿನ ಹಳೆಯ ತೋಟವೊಂದರಲ್ಲಿ ಹನ್ನೊಂದು ಮರಗಳಿಗೆ ಗಿಲಾವು ಮಾಡಿದ ಮನುಷ್ಯ ಅವ್ವಣ್ಣ. ಗೋಡೆಗೆ ಗಿಲಾವು ಮಾಡುವವರನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಮರಕ್ಕೆ ಮಾಡಿದವನನ್ನು ಕಂಡಿರಲಿಕ್ಕಿಲ್ಲ. ನಗಬೇಡಿ. ೧೯೭೫ರಲ್ಲಿ ಅದು ದೊಡ್ಡ ಶಾಸ್ತ್ರದ ಕೆಲಸ. ಮುದಿ ಮರದ ಹೊಟ್ಟೆಯಲ್ಲಿ ಪೊಟರೆ ಬಿದ್ದರೆ, ಡಾಕ್ಟರು ಹುಳುಕು ಹಲ್ಲಿಗೆ ತುಂಬುವ ಹಾಗೆ, ಇಟ್ಟಿಗೆ ಸಿಮೆಂಟು ಹಾಕಿ ಮುಚ್ಚಿಬಿಡಬೇಕು, ಮರ ಇನ್ನೂ ನೂರು ವರ್ಷ ಬಾಳುತ್ತದೆ ಎಂದು ತೋಟದ ಮೇಲ್ವಿಚಾರಕ ಶಿವಪುತ್ರಪ್ಪನವರು ಯಾವುದೋ ಪುಸ್ತಕದಲ್ಲಿ ಓದಿದ್ದರು. ವಿಜಾಪುರ ಕಡೆಯ ಆ ಪುಣ್ಯಾತ್ಮರಿಗೆ ಅಚ್ಚಾದದ್ದೆಲ್ಲ ವೇದವಾಕ್ಯ.

ಅವ್ವಣ್ಣ ಯಾದಗಿರಿ ಕಡೆಯ ಗೌಂಡಿ, ಗಾರೆ ಕೆಲಸದವನು. ಹೆಂಡತಿ ಸಾಬವ್ವನನ್ನು ಕಟ್ಟಿಕೊಂಡು ಪುಣೆಗೆ ಬಂದು ಆರು ವರ್ಷವಾಗಿತ್ತು. ಕೈಗೆ ಗಾರೆ ಮೆತ್ತುವ ಕರಣಿ ಬಂತೆಂದರೆ ಅವನಿಗೆ ಹಸಿವೆಯ ನೆನಪೂ ಇರುತ್ತಿರಲಿಲ್ಲ. ಸಿಮೆಂಟು ಕಲಸಿ ಕೊಡುವವಳು ಸಾಬವ್ವ. ಅವಳ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಆ ಚಳಿಗಾಲದಲ್ಲಿ ಇಬ್ಬರೂ ಸೇರಿ ಹನ್ನೊಂದು ಪೊಟರೆ ಮುಚ್ಚಿದರು. ಬರೀ ಮುಚ್ಚಿದರೆ ಅವ್ವಣ್ಣನಿಗೆ ಸಮಾಧಾನವೆಲ್ಲಿ? ಹಸಿ ಗಿಲಾವಿನ ಮೇಲೆ ತೆಂಗಿನ ನಾರು ಒತ್ತಿ ತೊಗಟೆಯ ಗೆರೆ ಎಬ್ಬಿಸಿದ, ಮೇಲೆ ಕೆಮ್ಮಣ್ಣು ಬಳಿದ. ಮರ ಎಲ್ಲಿ ಮುಗಿಯಿತು, ಸಿಮೆಂಟು ಎಲ್ಲಿ ಶುರುವಾಯಿತು ಎಂದು ಹುಡುಕಬೇಕು, ಹಾಗೆ ಮಾಡಿದ.

ಕೊನೆಯದು ಬಾವಿಯ ಪಕ್ಕದ ಮುದಿ ಮಾವು. ಪುಸ್ತಕದ ಪ್ರಕಾರ ಪೊಟರೆಯೊಳಗಿನ ಕೊಳೆತ ಪುಡಿಯನ್ನೆಲ್ಲ ಕೆರೆದು ಹಾಕಿ ಆಮೇಲೆ ಮುಚ್ಚಬೇಕು.

"ಒಳಗ ಹಾವಿದ್ರ? ಕೈ ನೀ ಹಾಕ್ತಿ ಏನು?" ಎಂದಳು ಸಾಬವ್ವ.

ಅವ್ವಣ್ಣ ಹಾಕಲಿಲ್ಲ. ಪುಡಿ ಇದ್ದಲ್ಲೇ ಉಳಿಯಿತು, ಬಾಯಿಗೆ ಮಾತ್ರ ಗೋಡೆ ಎದ್ದಿತು. ಜನ್ಮದಲ್ಲಿ ಅವನು ಮಾಡಿದ ಕಳ್ಳ ಕೆಲಸ ಅದೊಂದೇ. ಹೋಳಿ ಹುಣ್ಣಿಮೆಗೆ ಎರಡು ದಿನ ಮುಂಚೆ ಅದೂ ಮುಗಿಯಿತು. ಶಿವಪುತ್ರಪ್ಪನವರು ಮಾವಿನ ಮೇಲೆ ಬೆರಳಾಡಿಸಿ, ತಲೆದೂಗಿ, ಕಾಯಂ ಕೆಲಸಗಾರರ ಪಟ್ಟಿಗೆ ಅವ್ವಣ್ಣನ ಹೆಸರನ್ನು ಬರೆದುಕೊಂಡರು. ಕಾಯಂ ಆದರೆ ತೋಟದ ಹಿಂದೆ ಒಂದು ಖೋಲಿಯೂ ಸಿಗುತ್ತಿತ್ತು. ಸಾಬವ್ವ ಆ ಖೋಲಿಯಲ್ಲಿ ಒಲೆ ಎಲ್ಲಿಡಬೇಕು ಎಂದು ಅವತ್ತೇ ನೋಡಿಕೊಂಡು ಬಂದಳು.

ಮೇ ತಿಂಗಳ ಕೊನೆಯಲ್ಲಿ ಒಬ್ಬಳು ಹೆಣ್ಣುಮಗಳು ಹೆಗಲಿಗೆ ಚೀಲ, ಕೈಯಲ್ಲಿ ಬ್ಯಾಟರಿ ಹಿಡಿದು ಬಂದು ಬಾವಿಯ ಸುತ್ತ ಮೂರು ಸಲ ತಿರುಗಿದಳು. ಹರಿಣಾಕ್ಷಿ ಎಂದು ಹೆಸರು, ಧಾರವಾಡದವಳು, ಪುಣೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಸಾಬವ್ವ ಗಂಡನನ್ನು ಕನ್ನಡದಲ್ಲಿ ಬೈಯುವುದು ಕಿವಿಗೆ ಬಿದ್ದು, ಹತ್ತಿರ ಬಂದು ಕೇಳಿದಳು.

"ಇಲ್ಲೊಂದು ಮಾವಿನ ಗಿಡದಾಗ ದೊಡ್ಡ ಪೊಟರೆ ಇತ್ತಲ್ರಿ, ಎಲ್ಲಿ ಹೋತು?"

ಅವ್ವಣ್ಣನ ಎದೆ ಉಬ್ಬಿತು. ಹುಡುಕಿದರೂ ಸಿಗದ ಹಾಗೆ ಮಾಡಿದ್ದಾನಲ್ಲ. "ನಿಮ್ಮ ಮುಂದ ಅದರಿ ಬಾಯಾರ. ಕೈಯಾಡ್ಸಿ ನೋಡ್ರಿ, ಗೊತ್ತಾದ್ರ ಹೇಳ್ರಿ," ಎಂದ.

ಹರಿಣಾಕ್ಷಿ ಕೈಯಾಡಿಸಿದಳು. ಆಮೇಲೆ ಬಾವಿಯ ಕಟ್ಟೆಯ ಮೇಲೆ ಕುಸಿದು ಕುಳಿತಳು. ಹೊಗಳಿಕೆಗೆ ಕಾದು ನಿಂತಿದ್ದ ಅವ್ವಣ್ಣನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಸಾಬವ್ವ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಕುಡಿದು, ಸುಧಾರಿಸಿಕೊಂಡು, ಹರಿಣಾಕ್ಷಿ ಹೇಳಿದ ಕತೆ ಇಷ್ಟು.

ಆ ಪೊಟರೆಯಲ್ಲಿ ಒಂದು ಹುಳ ಇತ್ತು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಕಂದು ಬಣ್ಣ. ಅಂಗಾತ ಬಿದ್ದರೆ ಬೇರೆ ಹುಳಗಳ ಹಾಗೆ ಕಾಲು ಬಡಿಯುತ್ತ ಒದ್ದಾಡುವುದಿಲ್ಲ. ಎದೆಯ ಕೆಳಗೆ ಒಂದು ಮುಳ್ಳು, ಅದಕ್ಕೆ ಸರಿಯಾಗಿ ಒಂದು ಗುಳಿ. ಮೈ ಬಿಲ್ಲಿನಂತೆ ಬಗ್ಗಿಸಿ, ಮುಳ್ಳನ್ನು ಗುಳಿಯೊಳಗೆ ಜಾರಿಸಿ, 'ಟಕ್' ಎಂದು ಮೇಲಕ್ಕೆ ಚಿಮ್ಮಿ ಕಾಲ ಮೇಲೆ ಬೀಳುತ್ತದೆ. ಎರಡು ವರ್ಷದ ಹಿಂದೆ ಮೊದಲ ಮಳೆಗೆ ಇದೇ ಮರದ ಮೇಲೆ ಹರಿಣಾಕ್ಷಿಯ ಅಂಗೈಗೆ ಒಂದು ಸಿಕ್ಕಿತ್ತು. ಚಿಮ್ಮಿ ಹೋಯಿತು, ಮತ್ತೆ ಸಿಗಲಿಲ್ಲ. ಅಂಥದ್ದನ್ನು ಪುಣೆಯ ಬೇರೆ ಯಾವ ಮರದಲ್ಲೂ ಅವಳು ಕಂಡಿರಲಿಲ್ಲ. ಆ ಬಳಗದ ಹುಳ ಪೊಟರೆಯ ಪುಡಿಯಲ್ಲಿ ನಾಲ್ಕೈದು ವರ್ಷ ಮರಿಹುಳವಾಗಿ ಬಾಳುತ್ತದೆ, ಕಟ್ಟಿಗೆ ತಿನ್ನುವ ಬೇರೆ ಮರಿಗಳನ್ನು ತಿಂದು ಬೆಳೆಯುತ್ತದೆ. ರೆಕ್ಕೆ ಬಂದ ಮೇಲೆ ಹೊರಗಿನ ಆಯುಷ್ಯ ಮೂರೋ ನಾಲ್ಕೋ ವಾರ. ದೂರ ಹಾರುವ ಜಾತಿಯಲ್ಲ. ಮುದಿ ಮರ, ಅದರಲ್ಲೂ ಹೊಟ್ಟೆ ಟೊಳ್ಳಾದ ಮುದಿ ಮರವೇ ಅದರ ಊರು, ಮನೆ, ಎಲ್ಲ.

"ನಾವು ತೋಟ ಸ್ವಚ್ಛ ಮಾಡೂದು ಅಂದ್ರ ಒಣಗಿದ್ದು ಕಡಿಯೂದು, ಕೊಳತದ್ದು ಸುಡೂದು. ಇಂಥವಕ್ಕ ಇರ್ಲಿಕ್ಕ ಜಾಗಾ ಉಳ್ಯಂಗಿಲ್ಲ," ಎಂದಳು ಹರಿಣಾಕ್ಷಿ. "ಇನ್ನ ಎಂಟು ಹತ್ತು ದಿನಕ್ಕ ಮಳಿ. ಈ ವರ್ಷ ಹೊರಗ ಬರೋವು ಬಾಗಲಾ ಹುಡುಕ್ತಾವ. ಒಳಗ ಪುಡೀನರ ಉಳದದೋ ಇಲ್ಲೋ."

"ಪುಡಿ ಅದರಿ," ಎಂದ ಅವ್ವಣ್ಣ. ಹೆಂಡತಿಯ ಮುಖ ನೋಡಲಿಲ್ಲ. "ತೆಗೀಲಿಲ್ಲರಿ ನಾವು. ಬಾಯಿ ಅಷ್ಟ ಮುಚ್ಚೀವಿ."

ಹೇಳುತ್ತಿದ್ದಂತೆಯೇ ಅವನಿಗೆ ಊರಿನ ಹಗೇವು ನೆನಪಾಯಿತು. ಯಾದಗಿರಿ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಹೇರಿ, ಸಂದಿಗೆಲ್ಲ ಮಣ್ಣು ಮೆತ್ತುತ್ತಾರೆ. ಗಾಳಿಯಾಡದೆ ಒಳಗಿನ ನುಸಿಯೆಲ್ಲ ಸಾಯುತ್ತದೆ. ಹಗೇವಿಗೆ ಒಂದು ಕೂದಲು ತೂರದ ಹಾಗೆ ಮೆತ್ತುವುದರಲ್ಲಿ ಅವ್ವಣ್ಣನ ಅಪ್ಪ ನಾಲ್ಕು ಹಳ್ಳಿಗೆ ಹೆಸರಾದವನು, ಆ ಕೈಯೇ ಮಗನಿಗೂ ಬಂದಿತ್ತು. ಅಯ್ಯೋ ಶಿವನೇ, ಮರವನ್ನು ಹಗೇವು ಮಾಡಿಬಿಟ್ಟೆನಲ್ಲ ಎನಿಸಿತು. ಇದೊಂದರಲ್ಲಾದರೂ ಸಂದಿ ಬಿಡುವ ಹಡಬೆ ಗೌಂಡಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ.

"ನಾಳಿ ನಿಮ್ಮ ಸಾಹೇಬರಿಗೆ ಅರ್ಜಿ ಕೊಡ್ತೀನಿ," ಎಂದಳು ಹರಿಣಾಕ್ಷಿ.

"ಅರ್ಜಿ ಓದೂದ್ರಾಗ ಮಳಿ ಬರ್ತದ್ರಿ," ಎಂದು ಅವ್ವಣ್ಣ ಉಳಿ ಸುತ್ತಿಗೆ ತರಲು ಎದ್ದ.

ಸಾಬವ್ವ ಅಡ್ಡ ನಿಂತಳು. "ಖೋಲಿ ಏನಾಗ್ತದ, ವಿಚಾರ ಮಾಡಿಯೇನು?"

"ಮಾಡೀನಿ."

"ಏನಂತ?"

"ಈಗ ಇದ್ದ ಜೋಪಡಿ ಸೋರಂಗಿಲ್ಲ ಅಂತ."

ಸಾಬವ್ವ "ಇಂಥಾ ಗಂಡನ್ನ ಕಟಗೊಂಡು ನಾ ಉದ್ಧಾರ ಆದೆ," ಎನ್ನುತ್ತ ಉಳಿಯನ್ನು ತಾನೇ ತಂದುಕೊಟ್ಟಳು.

ಹಗೇವು ತೆಗೆಯುವ ಕ್ರಮವೇ ಬೇರೆ. ಒಮ್ಮೆಲೇ ಒಡೆಯಬಾರದು, ಒಳಗೆ ನಿಂತ ಕೆಟ್ಟ ಗಾಳಿ ಮೊದಲು ಹೋಗಬೇಕು. ಅವ್ವಣ್ಣ ಮೇಲ್ಗಡೆ ಮುಷ್ಟಿಯಗಲದ ಒಂದು ತೂತು ಕೊರೆದ, ಕಾದ. ತಂತಿಗೆ ಚಿಮಣಿ ದೀಪ ಕಟ್ಟಿ ಒಳಗೆ ಇಳಿಬಿಟ್ಟ. ದೀಪ ಎರಡು ಸಲ ಕುಗ್ಗಿ ಆರಿತು. ಮತ್ತೆ ಕಾದ. ಮೂರನೆಯ ಸಲ ದೀಪ ನಿಂತಿತು. ಆಮೇಲೆ ಅವನು ತನ್ನ ಗಿಲಾವನ್ನು ತಾನೇ ಕೆತ್ತತೊಡಗಿದ. ಗಟ್ಟಿ ಗಿಲಾವು, ಸುಲಭಕ್ಕೆ ಬಿಡಲಿಲ್ಲ. ಪ್ರತಿಯೊಂದು ಏಟಿಗೂ ಅವನಿಗೆ ತನ್ನ ಕೆಲಸದ ಮೇಲೆ ಅಭಿಮಾನವೂ ಬಂತು, ಸಿಟ್ಟೂ ಬಂತು.

ಗಿಲಾವಿನ ಒಳಮಗ್ಗುಲಲ್ಲಿ ಹುಳಗಳಿದ್ದವು. ರೆಕ್ಕೆ ಬಂದವು, ಈ ಮಳೆಗೆ ಹೊರಬರಬೇಕಾದವು. ಸಿಮೆಂಟನ್ನು ಕೆರೆದು ಕೆರೆದು ಅಲ್ಲಿಯೇ ಸತ್ತಿದ್ದವು. ಒಳಗೇ ಸಿಕ್ಕಿಬಿದ್ದ ಇರುವೆ ತಿಂದು ಬರೀ ಚೂರು ಉಳಿದಿತ್ತು, ಒಂದು ರೆಕ್ಕೆ, ಒಂದು ತಲೆ. ಹರಿಣಾಕ್ಷಿ ಚೂರುಗಳನ್ನು ಕಾಗದದ ಮೇಲೆ ಇಟ್ಟು ಎಣಿಸಿದಳು, ಏಳು. ಅವ್ವಣ್ಣ ಏಳು ಎಂಬುದನ್ನು ಕೇಳಿ ಮೋರೆ ತಿರುಗಿಸಿ ನಿಂತ. ಅವನಿಗೆ ಅಳು ಬಂದಿತ್ತು.

ಹರಿಣಾಕ್ಷಿ ಮೊಣಕೈವರೆಗೆ ಪುಡಿಯೊಳಗೆ ಕೈ ಹಾಕಿದಳು. ಮರಿಹುಳ ಸಿಕ್ಕವು, ತಾಮ್ರದ ತಂತಿಯ ತುಂಡಿನಂತೆ ನುಣ್ಣಗೆ, ಗಟ್ಟಿಯಾಗಿ. ಎರಡು ಸತ್ತಿದ್ದವು. ಮೂರನೆಯದು ಬಹಳ ಹೊತ್ತು ಅಲುಗಾಡಲಿಲ್ಲ, ಆಮೇಲೆ ಮೆಲ್ಲಗೆ ತಲೆ ಹೊರಳಿಸಿತು.

"ಜೀವ ಅದ," ಎಂದಳು. "ಆದ್ರ ಇದು ಹೋದ ಮಳಿಗೆ ಹುಟ್ಟಿದ್ದು. ಬದುಕಿದ್ರ ಇದಕ್ಕ ರೆಕ್ಕಿ ಬರೋದು ಇನ್ನ ನಾಕು ವರ್ಷಕ್ಕ. ಅಲ್ಲೀ ತನಕ ಏನೂ ಹೇಳ್ಲಿಕ್ಕ ಬರಂಗಿಲ್ಲ."

ಶಿವಪುತ್ರಪ್ಪನವರು ಬಂದಾಗ ನೆಲದ ತುಂಬ ಸಿಮೆಂಟಿನ ಚೂರು. ಅವರು ಕೂಗಾಡುವ ಮನುಷ್ಯರಲ್ಲ. ಮೆತ್ತಗೆ ಕೇಳಿದರು.

"ಯಾರ ಪರವಾನಗಿ ತಗೊಂಡಿ, ಅವ್ವಣ್ಣ?"

"ಯಾರದೂ ಇಲ್ರಿ ಸಾಹೇಬ್ರ."

"ಬರದಿದ್ದ ಹೆಸರು ಹೊಡದು ಹಾಕ್ಬೇಕಾಗ್ತದ."

"ಹಾಕ್ರಿ. ಆದ್ರ ಈ ಬಾಯಿ ಮಾತ್ರ ಮುಚ್ಚಂಗಿಲ್ರಿ ನಾ. ಸಂದಿ ಬಿಟ್ಟು ಇಟ್ಟಂಗಿ ಜಾಲಿ ಕಟ್ತೀನಿ. ಹುಡುಗ್ರು ಬೆಂಕಿ ಹಾಕೂದಿಲ್ಲ, ಹುಳಕ್ಕ ಹಾದಿ ಇರ್ತದ."

ಶಿವಪುತ್ರಪ್ಪನವರು ಹೆಸರು ಹೊಡೆದು ಹಾಕಿದರು, ದಿನಗೂಲಿ ಮಾತ್ರ ಉಳಿಸಿದರು. ಜಾಲಿ ಕಟ್ಟಲು ಇಟ್ಟಿಗೆಯನ್ನೂ ಕೊಡಿಸಿದರು. ಅಂಥ ಮನುಷ್ಯರು ಅವರು. ಹರಿಣಾಕ್ಷಿ ಅವರಿಗೊಂದು ಬೇರೆ ಪುಸ್ತಕ ಓದಲು ಕೊಟ್ಟಳು. ಅದೂ ಅಚ್ಚಾದದ್ದೇ ಆದ್ದರಿಂದ ಅದನ್ನೂ ನಂಬಿದರು, ಉಳಿದ ಹತ್ತು ಮರಗಳ ಬಾಯಿಯೂ ಒಂದೊಂದಾಗಿ ತೆರೆಯಿತು.

ಮಾವಿನ ಪೊಟರೆಗೆ ಅವ್ವಣ್ಣ ಎರಡು ಬೆರಳು ತೂರುವಷ್ಟು ಸಂದಿ ಬಿಟ್ಟು ಜಾಲಿ ಕಟ್ಟಿದ, ಮಳೆ ನುಗ್ಗದಂತೆ ಮೇಲೆ ಶಹಾಬಾದಿ ಕಲ್ಲಿನ ಸಣ್ಣ ಚಾಚು, ಕೂರಲು ಬುಡದಲ್ಲಿ ಅದೇ ಕಲ್ಲಿನ ಒಂದು ಚಪ್ಪಡಿ ಇಟ್ಟ. ತೋಟದಲ್ಲಿ ಒಣ ಟೊಂಗೆ ಬಿದ್ದರೆ ಮರದ ಬುಡಕ್ಕೇ ಎಳೆದು ಹಾಕುತ್ತಿದ್ದ. ಸಾಬವ್ವನಿಗೆ ಉರಿದು ಹೋಗುತ್ತಿತ್ತು. ಎದುರಿಗೇ ಅಷ್ಟು ಸೌದೆ ಇದ್ದು, ಅವಳು ಅರ್ಧ ಮೈಲಿ ನಡೆದು ಸೌದೆ ತರಬೇಕಿತ್ತು. "ಹುಳಕ್ಕ ಮಾವನ ಮನಿ ಮಾಡಿ ಕೊಟ್ಟಾನ," ಎಂದು ಅಕ್ಕಪಕ್ಕದವರಿಗೆ ಹೇಳಿ ನಗುತ್ತಿದ್ದಳು. ಆದರೂ ಆ ರಾಶಿಯ ಒಂದು ಕಡ್ಡಿಯನ್ನೂ ಮುಟ್ಟಲಿಲ್ಲ.

ಪ್ರತಿ ವರ್ಷ ಮೊದಲ ಮಳೆಗೆ ಅವ್ವಣ್ಣ ಗೋಣಿಚೀಲ ಹೊದ್ದು ಮಾವಿನ ಮುಂದೆ ಕುಳಿತ. ಎಪ್ಪತ್ತೈದು, ಎಪ್ಪತ್ತಾರು, ಎಪ್ಪತ್ತೇಳು. ಏನೂ ಬರಲಿಲ್ಲ. ಎಪ್ಪತ್ತೆಂಟರಲ್ಲಿ ಅವನ ಹೆಸರು ಮತ್ತೆ ಕಾಯಂ ಪಟ್ಟಿಗೆ ಹತ್ತಿತು, ಖೋಲಿಯೂ ಸಿಕ್ಕಿತು, ಹುಳ ಬರಲಿಲ್ಲ. ಬದುಕು ಸುಖವಾಗಿಯೇ ಇತ್ತು. ಕೆಲಸವಿತ್ತು, ಸಂಜೆ ಬಿಸಿ ರೊಟ್ಟಿ ಇತ್ತು, ಸಾಬವ್ವನ ಮಾತಿತ್ತು. ನಡುನಡುವೆ ಆ ಏಳು ಚೂರು ನೆನಪಾದಾಗ ಮಾತ್ರ, ಒಂದು ವಂಶವನ್ನೇ ನನ್ನ ಕೈ ಮುಗಿಸಿತೋ ಏನೋ ಎಂದು ರೊಟ್ಟಿ ಅರ್ಧಕ್ಕೆ ಬಿಟ್ಟು ಏಳುತ್ತಿದ್ದ.

ಆ ವರ್ಷವೇ ಹರಿಣಾಕ್ಷಿಗೆ ಬಾರಾಮತಿಯ ಕಾಲೇಜಿನಲ್ಲಿ ಕೆಲಸವಾಯಿತು. ಹೊರಡುವಾಗ ಬಂದು ಸ್ಪಿರಿಟ್ಟು ತುಂಬಿದ ಒಂದು ಶೀಸೆ ಕೊಟ್ಟಳು.

"ಮುಂದಿನ ಮಳಿಗೆ ಬಂದ್ರ ಮೊದಲನೇದು ಹಿಡದು ಇದರಾಗ ಹಾಕ್ರಿ. ಚೂರು ನೋಡಿ ಇಂಥಾ ಹುಳ ಇಲ್ಲಿ ಅದ ಅಂತ ಯಾರೂ ನಂಬಂಗಿಲ್ಲ, ಇಡೀ ಹುಳ ಬೇಕು."

ಎಪ್ಪತ್ತೊಂಬತ್ತರ ಜೂನ್. ಮಧ್ಯಾಹ್ನ ಮಳೆ ಹೊಡೆದು ನಿಂತಿತ್ತು. ಜಾಲಿಯ ಸಂದಿಯಲ್ಲಿ ಎರಡು ಮೀಸೆ ಕಂಡವು, ಆಮೇಲೆ ತಲೆ, ಆಮೇಲೆ ಮೈ. ಒದ್ದೆ ಇಟ್ಟಿಗೆಯ ಮೇಲೆ ಕಾಲು ಜಾರಿ ಹುಳ ಬುಡದ ಶಹಾಬಾದಿ ಚಪ್ಪಡಿಯ ಮೇಲೆ ಅಂಗಾತ ಬಿತ್ತು. ಅವ್ವಣ್ಣ ಶೀಸೆಯ ಮುಚ್ಚಳ ತೆಗೆದ. ಟಕ್. ಹುಳ ಗೇಣುದ್ದ ಮೇಲೆ ಚಿಮ್ಮಿ ಕಾಲ ಮೇಲೆ ಬಿದ್ದು, ತೊಗಟೆ ಹಿಡಿದು ಹತ್ತತೊಡಗಿತು. ಅವ್ವಣ್ಣ ಶೀಸೆ ಹಿಡಿದು ಮರಕ್ಕೆ ಆತು ನಿಂತು, ಅದು ಹತ್ತಿದ ಕಡೆಗೇ ಕತ್ತೆತ್ತಿ ನೋಡುತ್ತಿದ್ದ. ಅಲ್ಲಿ ಅವನು ಕಂಡದ್ದನ್ನು ಸಾಬವ್ವನಿಗೂ ಹೇಳಲಿಲ್ಲ. ಶೀಸೆಯ ಮುಚ್ಚಳ ಹಾಕಿದ, ಮಾರನೆಯ ದಿನ ರಜೆ ಹಾಕಿ ಬಾರಾಮತಿ ಬಸ್ಸು ಹತ್ತಿದ.

ಕಾಲೇಜಿನ ತನ್ನ ಕೋಣೆಯಲ್ಲಿ ಹರಿಣಾಕ್ಷಿ ಅವನ ಮುಖ ನೋಡಿಯೇ ಎದ್ದು ನಿಂತಳು. ಅವನು ಹುಳವಿಲ್ಲದ ಶೀಸೆಯನ್ನು ಮೇಜಿನ ಮೇಲಿಟ್ಟ. ಸ್ಪಿರಿಟ್ಟು ಇದ್ದಷ್ಟೇ ಇತ್ತು.

"ಬಂತ್ರಿ ಬಾಯಾರ," ಎಂದ. "ಹಿಡೀಲಿಲ್ಲರಿ ನಾ. ನಂಬೂದು ಬಿಡೂದು ನಿಮಗ ಬಿಟ್ಟದ್ದು."

ಹರಿಣಾಕ್ಷಿ ಶೀಸೆಯನ್ನು ಬದಿಗೆ ಸರಿಸಿದಳು. "ಹೆಂಗಿತ್ತು ಹೇಳ್ರಿ," ಎಂದಳು.

ಅವ್ವಣ್ಣ ಹೇಳಿದ. ಕತ್ತಿನ ಹಿಂದಿನ ಎರಡು ಮೂಲೆ ಕರಣಿಯ ತುದಿಯ ಹಾಗೆ ಚೂಪು. ಬೆನ್ನಿನ ಉದ್ದಕ್ಕೂ ಗೆರೆ, ಒಂದೊಂದು ಮಗ್ಗುಲಿಗೆ ಒಂಬತ್ತು, ಸೂತ್ರ ಹಿಡಿದು ಹಾಕಿದಷ್ಟು ನೇರ. ಮೀಸೆ ಗರಗಸದ ಹಾಗೆ, ಹಲ್ಲು ಹಲ್ಲು. ಹರಿಣಾಕ್ಷಿ ಕಪಾಟಿನಿಂದ ಆ ಏಳು ಹುಳಗಳ ಚೂರಿದ್ದ ಪೆಟ್ಟಿಗೆ ತೆಗೆದು ಒಂದು ರೆಕ್ಕೆಯ ಗೆರೆ ಎಣಿಸಿದಳು. ಒಂಬತ್ತು. ಕಣ್ಣೊರೆಸಿಕೊಂಡು ದಪ್ಪ ವಹಿ ಬಿಚ್ಚಿ ಬರೆದಳು, ಬರೆದದ್ದನ್ನು ಅವನಿಗೆ ಓದಿ ಹೇಳಿದಳು.

"ಪುಣೆ ಕ್ಯಾಂಪ್, ಬಾವಿಯ ಮಾವು. ಕಂಡವರು ಅವ್ವಣ್ಣ, ಗೌಂಡಿ. ಜೀವಂತ, ಒಂದು."

ಅವ್ವಣ್ಣ ವಹಿಯ ಮೇಲೆ ಬೆರಳಿಟ್ಟ.

"ಎರಡು ಅಂತ ಬರೀರಿ ಬಾಯಾರ. ಮ್ಯಾಲ ಇನ್ನೊಂದು ಅದರ ಹಾದಿ ಕಾಯ್ತಿತ್ತು. ಅದಕ್ಕ ಹಿಡೀಲಿಲ್ಲ ನಾ."