ತೊಳೆದು ನೆಟ್ಟ ತಾವರೆ

ನಮ್ಮೂರ ಕೆರೆಗೆ ಆ ನೇರಳೆ ಹೂವಿನ ಗಿಡವನ್ನು ಬಿಟ್ಟವಳು ನಾನು, ಮಾದೇವಕ್ಕ. ನೀನಲ್ಲ. ನಿನ್ನ ತಾವರೆ ಗಡ್ಡೆಯ ಜತೆ ಅದು ಬರಲಿಲ್ಲ. ನನ್ನ ಈ ಕೈಯಿಂದಲೇ ಬಂತು — ಮತ್ತು ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು.

ಇಷ್ಟನ್ನು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಎದುರಿಗೆ ನಿಂತು ಹೇಳಬೇಕು, ಹೇಳುತ್ತೇನೆ ಕೂಡ. ಆದರೆ ನನ್ನ ನಾಲಿಗೆಯನ್ನು ನಾನು ಬಲ್ಲೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಪಳಗಿದ ನಾಲಿಗೆ, ಎಂಥ ಮಾತನ್ನೂ ಸುತ್ತಿ ಬಳಸಿ ಚಂದ ಮಾಡಿಬಿಡುತ್ತದೆ. ಅದಕ್ಕೇ ಮೊದಲು ಬರೆದು ನೋಡುತ್ತಿದ್ದೇನೆ — ಚಂದ ಮಾಡದೆ.

ಹೊನ್ನಾವರದ ಕಡೆ ನನ್ನ ಅತ್ತಿಗೆಯ ತವರಿನಲ್ಲಿ ಗೃಹಪ್ರವೇಶ. ಅವರ ಅಂಗಳದ ನೀರಿನ ತೊಟ್ಟಿಯಲ್ಲಿ ಅದು ತೇಲುತ್ತ ಹೂಬಿಟ್ಟಿತ್ತು. ನಮ್ಮ ಕಡೆಯ ಹೆಂಗಸರ ಚಾಳಿ ನಿನಗೆ ಹೇಳಬೇಕಾಗಿಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ಬರುವಾಗ ಒಂದು ಟೊಂಗೆಯನ್ನೋ ಗಡ್ಡೆಯನ್ನೋ ಮುರಿದು ತರದೆ ಬಂದರೆ ಊಟವೇ ಸೇರುವುದಿಲ್ಲ ನಮಗೆ. ಅದೂ ಕೇಳದೆ ತಂದ ಗಿಡವೇ ಚೆನ್ನಾಗಿ ಹಿಡಿಯುತ್ತದೆಂಬ ನಂಬಿಕೆ ಬೇರೆ. ಪಾಠ ಹೇಳುವಾಗ ನಂಬಿಕೆಗಳನ್ನೆಲ್ಲ ಗಾಳಿಗೆ ತೂರುತ್ತಿದ್ದ ನಾನು ಇದೊಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಎರಡು ಗಿಡ ಎತ್ತಿ, ಒದ್ದೆ ಕರವಸ್ತ್ರದಲ್ಲಿ ಸುತ್ತಿ, ತೆಂಗಿನಕಾಯಿ ಕೊಟ್ಟ ಚೀಲದ ಅಡಿಯಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ.

ಹಿತ್ತಲ ಬಚ್ಚಲಿನ ಪಕ್ಕದ ಕಲ್ಲುಮರಿಗೆಯಲ್ಲಿ ಬಿಟ್ಟೆ. ಹೂವಾದ ಮೇಲೆ ಅಂಗಳಕ್ಕೆ ತಂದು ಎಲ್ಲರಿಗೂ ತೋರಿಸಿ ಹೊಟ್ಟೆ ಉರಿಸಬೇಕೆಂದಿದ್ದೆ. ಆದರೆ ಆ ನೆರಳಿಗೆ ಹೂವು ಬರಲೇ ಇಲ್ಲ, ಬರೀ ಎಲೆ. ಮಳೆಗಾಲ ಮುಗಿಯುವಷ್ಟರಲ್ಲಿ ಮರಿಗೆಯಲ್ಲಿ ನೀರೇ ಕಾಣದಷ್ಟು ತುಂಬಿಕೊಂಡಿತು. ಗೊಬ್ಬರಗುಂಡಿಗೆ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಜೀವ ಇರುವ ಗಿಡ, ಎಸೆಯಲು ಮನಸ್ಸಾಗಲಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಕೆರೆಯ ಅಂಚಿಗೆ ಬಿಟ್ಟೆ. ಅಲ್ಲಾದರೂ ಬಿಸಿಲಿದೆ, ಹೂವಾದೀತು ಎಂದುಕೊಂಡೆ.

ಹೂವಾಯಿತು. ಮೊದಲ ಹೂವು ಕಂಡ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ — ಇದನ್ನೂ ಹೇಳಿಯೇ ಬಿಡುತ್ತೇನೆ — ಏರಿಯ ಮೇಲೆ ನಿಂತು ಒಬ್ಬಳೇ ನಕ್ಕಿದ್ದೆ.

ಆಮೇಲಿನದು ಊರಿಗೇ ಗೊತ್ತು. ಎರಡು ಮಳೆಗಾಲ ಕಳೆಯುವುದರೊಳಗೆ ಕೆರೆ ಹಸಿರು ಚಾಪೆ ಹೊದ್ದು ಮಲಗಿತು. ಕೆಳಗಿನ ಮನೆಗಳ ಬಾವಿನೀರಿಗೆ ವಾಸನೆ ಹಿಡಿಯಿತು. ಮಕ್ಕಳು ಈಜುವುದು ನಿಂತಿತು, ಮೀನು ಸತ್ತು ತೇಲಿತು. ಅಕ್ಕಿ ಗಿರಣಿಯ ಸುಬ್ರಾಯಣ್ಣ ಮುಂದೆ ನಿಂತು ಶಾಲೆಯ ಜಗುಲಿಯಲ್ಲಿ ಊರವರನ್ನೆಲ್ಲ ಕೂಡಿಸಿದರು. ಕೆರೆಗಾಗಿ ಒಂದು ಸಂಘವಾಗಬೇಕು ಎಂದರು. ಅಷ್ಟರಲ್ಲಿ ಯಾರೋ ಈ ಪೀಡೆ ಎಲ್ಲಿಂದ ಬಂತು ಎಂದು ಕೇಳಿದರು. ಕೆರೆಗೆ ಹೊರಗಿನಿಂದ ಗಿಡ ತಂದು ನೆಟ್ಟವಳೆಂದರೆ ನೀನೊಬ್ಬಳೇ. ಮಿರ್ಜಾನದ ಕಡೆಯಿಂದ ಗಡ್ಡೆ ತಂದು ಮೂಡಣ ಮೂಲೆಯಲ್ಲಿ ತಾವರೆ ಬೆಳೆಸಿದ್ದೆ. ನವರಾತ್ರಿಗೆ ಬುಟ್ಟಿ ಹೊತ್ತು ಕುಮಟೆಯ ಪೇಟೆಯಲ್ಲಿ ನೀನು ಹೂವಿಗೆ ಕೂತರೆ, "ಮಾದೇವಿಯ ತಾವರೆ" ಎಂದೇ ಜನ ಕೇಳಿಕೊಂಡು ಬರುತ್ತಿದ್ದರು.

ಸುಬ್ರಾಯಣ್ಣ ನನ್ನತ್ತ ತಿರುಗಿದರು. "ಟೀಚರೆ, ನೀವು ಸಾಯನ್ಸ್ ಕಲ್ತವ್ರು, ನೀವೇ ಹೇಳಿ. ತಾವರೆ ಗಡ್ಡೆ ಜೊತಿಗೆ ಇದು ಬರೂಕೆ ಸಾಧ್ಯ ಇತ್ತಾ?"

ನಾನು ಹೇಳಿದೆ: "ಬರಬಹುದು."

ಒಂದೇ ಮಾತು. ಸುಳ್ಳೂ ಅಲ್ಲ ನೋಡು. ಗಡ್ಡೆಗೆ ಅಂಟಿದ ಕೆಸರಿನಲ್ಲಿ ಬೀಜ ಬರಬಹುದು, ಅದು ನಿಜವೇ. ಇಷ್ಟು ವರ್ಷ ಈ ನಿಜದ ಹಿಂದೆ ನಾನು ಅಡಗಿ ಕೂತೆ. ಯಾವ ಗಿಡದ ಜತೆಗಾದರೂ ಬರಬಹುದಿತ್ತು. ಬಂದದ್ದು ಯಾವುದರಿಂದ ಎಂದು ಗೊತ್ತಿದ್ದ ಒಬ್ಬಳೇ ಒಬ್ಬಳು ಬಾಯಿ ಮುಚ್ಚಿಕೊಂಡಳು.

ನೀನು ಕಂಬದ ಹತ್ತಿರ ನಿಂತಿದ್ದೆ. "ನಾ ತೊಳ್ದೇ ನೆಟ್ಟದ್ದು ಟೀಚರೆ," ಎಂದೆ. ಆಮೇಲೆ ಮೆಲ್ಲಗೆ, "ನೀವು ಹೇಳ್ತ್ರಿ ಅಂದ್ರೆ ಆಗಿರೂಕೂ ಸಾಕು," ಎಂದೆ. ವಯಸ್ಸಿನಲ್ಲಿ ನನಗಿಂತ ದೊಡ್ಡವಳು ನೀನು. ಆದರೂ ನಿನ್ನ ಕೈ ಮಾಡಿದ ಕೆಲಸಕ್ಕಿಂತ ನನ್ನ ಮಾತನ್ನೇ ಹೆಚ್ಚು ನಂಬಿದೆ.

ಮರುದಿನ ನಿನ್ನ ತಾವರೆಯನ್ನು ನೀನೇ ಕಿತ್ತೆ. ಸೊಂಟಮಟ್ಟದ ನೀರಿನಲ್ಲಿ ನಿಂತು, ಗಡ್ಡೆ ಸಮೇತ, ಒಂದೂ ಉಳಿಯದ ಹಾಗೆ. ಇನ್ನು ಮುಂದೆ ಹೊರಗಿನ ಯಾವ ಗಿಡವನ್ನೂ ಕೆರೆಗೆ ಬಿಡಬಾರದೆಂದು ಸಂಘ ಕಟ್ಟಳೆ ಮಾಡಿತು. ಆ ಕಟ್ಟಳೆಯ ಮಾತುಗಳು ನನ್ನವೇ.

ಇನ್ನೊಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಆ ಸಂಘದ ಬಗ್ಗೆ ನನಗೆ ಹೆಮ್ಮೆ. ಅಂದೂ ಇತ್ತು, ಇಂದೂ ಇದೆ, ನಾಳೆ ನೀವೆಲ್ಲ ನನಗೆ ಛೀ ಎಂದರೂ ಇರುತ್ತದೆ. ಎಂಥ ಕೆಲಸ ಮಾಡಿದೆವು ನಾವು! ಭಾನುವಾರ ಬೆಳಿಗ್ಗೆ ಚಾ ಕುಡಿದವರೇ ಎಲ್ಲ ಏರಿಗೆ ಬರುವುದು, ಈ ದಡದಿಂದ ಆ ದಡಕ್ಕೆ ಹುರಿಹಗ್ಗ ಎಸೆಯುವುದು, ಎರಡೂ ಕಡೆಯಿಂದ ಹಿಡಿದು ಆ ಹಸಿರು ಚಾಪೆಯನ್ನು ಮೆಟ್ಟಿಲ ಕಡೆ ಎಳೆಯುವುದು. ಹೆಡಿಗೆಗೆ ತುಂಬಿ, ದಡದ ಮೇಲೆ ಒಣಗಿಸಿ, ತೆಂಗಿನ ಬುಡಕ್ಕೆ ಹಾಕುವುದು. ಮುಗಿಯಿತು ಅಂದುಕೊಂಡರೆ ಮುಂದಿನ ಮಳೆಗೆ ಮತ್ತೆ ಚಿಗುರು. ಮತ್ತೆ ಹಗ್ಗ. ಮದುವೆ ಮನೆಯ ಊಟ ಬಿಟ್ಟು ಬಂದವರಿದ್ದಾರೆ, ಒಂದೇ ಬೇಲಿಗೆ ಜಗಳಾಡಿ ಮಾತು ಬಿಟ್ಟವರು ಒಂದೇ ಹಗ್ಗ ಎಳೆದಿದ್ದಾರೆ. ಈಗ ಮೆಟ್ಟಿಲ ಮೇಲೆ ನಿಂತರೆ ತಳದ ಕಲ್ಲು ಕಾಣುತ್ತದೆ. ಮಕ್ಕಳು ಮತ್ತೆ ದುಮುಕುತ್ತಾರೆ. ಭಟ್ಕಳದ ಕಡೆಯಿಂದ ಕಾಲೇಜಿನ ಹುಡುಗರು ನಮ್ಮ ಕೆಲಸ ನೋಡಲು ಬಂದಿದ್ದರಲ್ಲ, ಅವತ್ತು ನನ್ನ ಎದೆ ಎರಡರಷ್ಟಾಗಿತ್ತು.

ನನ್ನ ಪಾಪ ಮುಚ್ಚಿಕೊಳ್ಳಲು ದುಡಿದೆನೇ? ಶುರುವಿಗೆ ಹೌದು. ಆಮೇಲೆ — ಇಲ್ಲ, ಆಮೇಲೆ ಕೆರೆಗಾಗಿಯೇ ದುಡಿದೆ. ಅದಕ್ಕೇ ನನ್ನನ್ನು ಅಧ್ಯಕ್ಷೆ ಮಾಡಿದರು, ಒಪ್ಪಿಕೊಂಡೆ. ಭಾನುವಾರದ ಕೆಲಸಕ್ಕೆ ಅಧ್ಯಕ್ಷರೇ ಮೊದಲು ನೀರಿಗಿಳಿದು ಹಗ್ಗದ ತುದಿ ಹಿಡಿಯುವುದು ನಮ್ಮ ಪದ್ಧತಿ. ಹಿಡಿದೆ. ಆ ಗೌರವ ನನಗೆ ರುಚಿಸಿತು.

ಆದರೆ ಬಂದವರಿಗೆ ಕೆರೆಯ ಕತೆ ಹೇಳುವಾಗಲೆಲ್ಲ ನಾನು ಒಂದು ಸಾಲು ಸೇರಿಸುತ್ತಿದ್ದೆ: "ಯಾರೋ ತಿಳಿಯದೆ ಮಾಡಿದ ತಪ್ಪು, ಅವರನ್ನು ದೂರುವುದು ಬೇಡ." ಎಲ್ಲರ ಕಣ್ಣೂ ಮೆಲ್ಲಗೆ ನಿನ್ನತ್ತ ಹೋಗುತ್ತಿತ್ತು. ನೀನು ತಲೆ ತಗ್ಗಿಸಿ ನಗುತ್ತಿದ್ದೆ. ನನ್ನ ತಪ್ಪನ್ನು ನಿನ್ನ ತಲೆಗೆ ಕಟ್ಟಿದ್ದು ಸಾಲದೆಂದು, ಊರೆದುರು ನಿನ್ನನ್ನು ಕ್ಷಮಿಸಿದವಳು ನಾನು. ಕೆರೆಗೆ ಗಿಡ ಬಿಟ್ಟದ್ದು ತಿಳಿಗೇಡಿತನ, "ಬರಬಹುದು" ಎಂದದ್ದು ಹೇಡಿತನ. ಇದಕ್ಕೆ ಏನೆನ್ನಬೇಕೋ ನನಗೇ ತೋಚುತ್ತಿಲ್ಲ.

ಮೊನ್ನೆ ಕೆಲಸ ಮುಗಿದು ಎಲ್ಲ ಅವಲಕ್ಕಿ ತಿನ್ನುತ್ತಿದ್ದಾಗ ನೀನು ನನ್ನ ಪಕ್ಕ ಬಂದು ಕೂತೆ. ಇಷ್ಟು ವರ್ಷದಲ್ಲಿ ಒಂದು ಭಾನುವಾರವನ್ನೂ ತಪ್ಪಿಸದವಳು ನೀನು. ಮೂಡಣ ಮೂಲೆಯನ್ನಂತೂ ಬೇರೆಯವರಿಗೆ ಮುಟ್ಟಲೂ ಬಿಡದೆ ಒಬ್ಬಳೇ ಚೊಕ್ಕ ಮಾಡಿದವಳು. ಸೆರಗಿನಲ್ಲಿ ಕೈ ಒರಸಿಕೊಳ್ಳುತ್ತ ಕೇಳಿದೆ: "ನೀರು ಚೊಕ್ಕ ಆತಲ್ಲ ಟೀಚರೆ. ಆ ಮೂಲೆಲಿ ನಾಲ್ಕು ತಾವರೆ ನೆಟ್ರೆ ಅಡ್ಡಿಲ್ವಾ? ಈ ಸಲ ಸಮಾ ತೊಳಿತೆ."

ಈ ಸಲ ಸಮಾ ತೊಳಿತೆ.

ಹಾಗಾದರೆ ಇಷ್ಟು ವರ್ಷವೂ ನೀನು ನಂಬಿಯೇ ಬದುಕಿದೆಯಾ? ನಿನ್ನ ಮನಸ್ಸಿನೊಳಗೆ ನಿನಗೆ ನಿಜ ಗೊತ್ತಿರುತ್ತದೆ, ಊರ ಬಾಯಿ ಮುಚ್ಚಿಸಲು ಸುಮ್ಮನಿದ್ದೀಯೆ ಎಂದು ನಾನು ಅಂದುಕೊಂಡಿದ್ದೆ — ಹಾಗೆ ಅಂದುಕೊಳ್ಳುವುದು ನನಗೆ ಸುಲಭವಿತ್ತು. ಆ ಭಾನುವಾರಗಳೆಲ್ಲ ನಿನಗೆ ದಂಡವಾಗಿದ್ದವು ಎಂದು ಹೊಳೆಯಲೇ ಇಲ್ಲ. ಮಾಡದ ತಪ್ಪಿಗೆ ಅಷ್ಟು ನೀರಿನಲ್ಲಿ ನಿಂತೆಯಲ್ಲ ಮಾದೇವಕ್ಕ! ನಾನು ಅವಲಕ್ಕಿಯ ತಟ್ಟೆ ನೋಡುತ್ತ "ನೋಡುವಾ" ಎಂದೆ. ಅದೇ ಕೊನೆ. ಇನ್ನು ಅಂಥ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಈ ಭಾನುವಾರ ಹಗ್ಗ ಎಸೆಯುವ ಮೊದಲು ಮೆಟ್ಟಿಲ ಮೇಲೆ ನಿಂತು ಎಲ್ಲರೆದುರು ಹೇಳುತ್ತೇನೆ. ಹೊನ್ನಾವರದ ಗೃಹಪ್ರವೇಶದಿಂದ ಹಿಡಿದು "ಬರಬಹುದು" ಎಂಬ ಮಾತಿನ ತನಕ. ಅಧ್ಯಕ್ಷಗಿರಿ ಸಂಘದ ಕೈಗೆ, ಅವರಿಗೆ ಸರಿ ಕಂಡಂತೆ ಮಾಡಲಿ. ಹಗ್ಗ ಎಳೆಯಲು ಮಾತ್ರ ಬರುತ್ತೇನೆ, ಬೇಡ ಎಂದರೂ ಬರುತ್ತೇನೆ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಕೇಳಿದರೆ ನೀನು ಆ ಕ್ಷಣವೇ "ಆತು ಬಿಡಿ ಟೀಚರೆ" ಎಂದುಬಿಡುತ್ತೀಯೆ, ಮತ್ತೆ ನಿನ್ನಿಂದ ಪುಕ್ಕಟೆ ಪಡೆದಂತಾಗುತ್ತದೆ.

ಅವತ್ತು ಮೊದಲು ನೀರಿಗಿಳಿಯುವವಳು ನಾನಲ್ಲ. ಹಗ್ಗದ ತುದಿಯನ್ನು ನಿನ್ನ ಕೈಗೆ ಕೊಡುತ್ತೇನೆ. ಈ ಕೆರೆಯನ್ನು ಉಳಿಸಿದವರಲ್ಲಿ ಯಾವ ಋಣವೂ ಇಲ್ಲದೆ ದುಡಿದವಳು ನೀನು, ಆ ನಿನ್ನ ಜತೆ ದುಡಿದೆನೆಂಬುದೇ ನನ್ನ ದೊಡ್ಡ ಹೆಮ್ಮೆ. ತಾವರೆಗಾಗಿ ಕಟ್ಟಳೆಯನ್ನು ಸಡಿಲಿಸಿ ಎಂದು ಸಂಘವನ್ನು ಕೇಳುವವಳೂ ನಾನೇ. ಗಡ್ಡೆಯನ್ನು ಎಷ್ಟು ತೊಳೆಯಬೇಕೆಂದು ಆಗ ಯಾರೂ ನಿನಗೆ ಹೇಳಿಕೊಡಬೇಕಾಗಿಲ್ಲ.

ಅಂದೂ ನೀನು ಸಮಾ ತೊಳೆದೇ ನೆಟ್ಟಿದ್ದೆ, ಮಾದೇವಕ್ಕ.