ಖಂಡಪ್ಪ ಕಾಕಾ ಬಿಗಿದ ಬ್ಯಾಟರಿ

ಮುಂಬಯಿಯ ಕುರ್ಲಾದಲ್ಲಿ ಗಾಡಿಯ ವೈರಿಂಗ್ ನೋಡುವವರಿಗೇನು ಬರವೇ? ಗಲ್ಲಿಗೊಬ್ಬ ಸಿಗುತ್ತಿದ್ದ. ಆದರೆ ನಮ್ಮ ವಿಜಾಪುರ ಕಡೆಯ ಖಂಡಪ್ಪ ಕಾಕಾನ ರೀತಿಯೇ ಬೇರೆ. ಕೆಟ್ಟ ಗಾಡಿ ಬಂದರೆ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ, "ಹೊಡಿ, ಗಾಡಿನ ಹೇಳ್ತದ" ಎನ್ನುತ್ತಿದ್ದ. ನಿದ್ದೆ ಹೊಡೆಯುತ್ತಾನೆಂದು ನಾವು ಡ್ರೈವರ್‌ಗಳೆಲ್ಲ ನಗುತ್ತಿದ್ದೆವು.

ಎಪ್ಪತ್ತೆರಡರ ಮಹಾನವಮಿ ಮುಗಿದು ವಾರವಾಗಿತ್ತು. ನಾನು ಓಡಿಸುತ್ತಿದ್ದ ಟ್ಯಾಕ್ಸಿ ನಡುರಸ್ತೆಯಲ್ಲಿ ಸುಮ್ಮಸುಮ್ಮನೆ ನಿಲ್ಲತೊಡಗಿತು. ಫೋರ್ಟ್ ಭಾಗದಲ್ಲಿ ವಕೀಲರೊಬ್ಬರನ್ನು ಕೋರ್ಟಿಗೆ ಒಯ್ಯುವಾಗ ನಿಂತು ನನ್ನ ಮಾನ ಕಳೆಯಿತು. ಟ್ಯಾಕ್ಸಿ ಶೇಟ್‌ಜಿಯದು. ಇನ್ನೊಮ್ಮೆ ನಿಂತರೆ ಚಾವಿ ಇಟ್ಟು ನಡೆ ಎಂದುಬಿಟ್ಟ. ಚಾಳಿನ ಕೋಣೆಯಲ್ಲಿ ನನ್ನ ಹೆಂಡತಿ ಮಲ್ಲವ್ವ ತುಂಬಿದ ಬಸುರಿ. ಚಾವಿ ಕೊಟ್ಟು ಎಲ್ಲಿಗೆ ನಡೆಯಲಿ?

ಒಬ್ಬ ಮೇಸ್ತ್ರಿ ಡೈನಮೋ ಬದಲಿಸು ಎಂದ. ಇನ್ನೊಬ್ಬ ವೈರೆಲ್ಲ ಕಿತ್ತು ಹೊಸದು ಹಾಕು ಎಂದ. ಕಾಕಾ ಎರಡು ದಿನ ನೋಡಿ, "ಡೈನಮೋ ಗಟ್ಟಿ ಅದ. ವೈರೂ ಛಲೋ ಅವ. ಸುಳ್ಳ ಯಾಕ ಹೇಳ್ಲಿ ಕಾಶಪ್ಪಾ, ನನಗ ತಿಳೀವಲ್ದು" ಎಂದ.

"ಬ್ಯಾಟರಿ ನೋಡೀಯೇನು?"

"ಅದನ್ನ ಹಬ್ಬದಾಗ ನಾನ ತಿಕ್ಕಿ ಬಿಗದೀನಿ. ಅದರ ಚಿಂತಿ ಬಿಡು."

ನನಗೆ ಸಿಟ್ಟು ನೆತ್ತಿಗೇರಿತು. "ತಿಳೀದಿದ್ರ ಅಂಗಡಿ ಯಾಕ ತೆರದಿ? ಕಳ್ಳ ಮುದುಕಾ!" ಎಂದೆ. ಕಾಕಾ ಬೇಸರಪಡಲಿಲ್ಲ, ಹಿಂದಿನ ಸೀಟಿಗೆ ಹೋಗಿ ಕೂತ.

ಮುಲುಂಡ್ ಕಡೆ ಗಾಡಿ ಹೊಡೆದೆ. ಮಧ್ಯಾಹ್ನದ ಬಿಸಿಲು ಹಾಲಿನ ಕೆನೆಯಂತೆ ರಸ್ತೆಯ ಮೇಲೆ ಕಟ್ಟಿತ್ತು. ದೂರದಲ್ಲಿ ಲೋಕಲ್ ರೈಲು ಹೋದದ್ದು ಯಾರೋ ನಿದ್ದೆಯಲ್ಲಿ ಮಾತಾಡಿದಂತೆ ಕೇಳಿತು. ಗಾಡಿ ತೇಲುತ್ತಿದೆಯೋ ಓಡುತ್ತಿದೆಯೋ ತಿಳಿಯದು. ಈ ದಾರಿ ಮುಗಿಯದೆ ಇದ್ದರೆ ಸಾಕು, ಶೇಟ್‌ಜಿಯ ಮುಖ ನೋಡುವುದು ತಪ್ಪುತ್ತದೆ ಅನ್ನಿಸಿತು. ಅಷ್ಟರಲ್ಲಿ ಒಂದು ತಗ್ಗಿನಲ್ಲಿ ಗಾಲಿ ಇಳಿದು ಎದ್ದಿತು. ಎಂಜಿನ್ ಸತ್ತಿತು. ಹಾರ್ನ್ ಒತ್ತಿದೆ, ಅದೂ ಇಲ್ಲ.

ಕಾಕಾ ಕಣ್ಣು ತೆರೆದ. "ಎಲ್ಲಾ ಒಮ್ಮೆಗೇ ಹೋತು ಅಂದ್ರ ಬುಡದಾಗ ಅದ" ಎಂದು ಇಳಿದು ಬ್ಯಾಟರಿಗೆ ವೈರ್ ಬಿಗಿದ ಟರ್ಮಿನಲ್ ಬಿಚ್ಚಿದ. ಒಳಗೆ ಬೆಳ್ಳಗೆ ಒಂದು ಪದರ ಮೆತ್ತಿಕೊಂಡಿತ್ತು.

"ತುಕ್ಕಲ್ಲೇನು?" ಎಂದೆ.

ಕಾಕಾ ಬೆರಳಿಂದ ಒರೆಸಿ ಮೂಸಿದ. "ವಿಭೂತಿ ಇದು. ಪೂಜಾದಾಗ ಬ್ಯಾಟರಿಗೆ ಹಚ್ಚುವಾಗ ಇದಕ್ಕೂ ಹಚ್ಚಿ ಮ್ಯಾಲೆ ಬಿಗದೀನಿ. ಭಕ್ತಿ ಜಾಸ್ತಿ ಆತು ನೋಡು, ಕರೆಂಟ್ ದಾಟಲಿಲ್ಲ."

ಒರೆಸಿ ಬಿಗಿದ. ಒಂದೇ ಏಟಿಗೆ ಗಾಡಿ ಚಾಲೂ ಆಯಿತು. ನಾನು ಬೇಡವೆಂದರೂ ಕೇಳದೆ ಕಾಕಾ ನೇರ ಶೇಟ್‌ಜಿಯ ಮುಂದೆ ನಿಂತು ತಪ್ಪು ತನ್ನದೆಂದ. ಶೇಟ್‌ಜಿ ಚಾವಿಯನ್ನು ನನಗೇ ಬಿಟ್ಟ. ಆದರೆ ಕಾಕಾ ನೋಡಿಕೊಳ್ಳುತ್ತಿದ್ದ ತನ್ನ ಐದೂ ಟ್ಯಾಕ್ಸಿಗಳ ಕೆಲಸವನ್ನು ಅವನ ಕೈಯಿಂದ ಬಿಡಿಸಿದ.

ಹೊರಗೆ ಬಂದಾಗ ನನಗೆ ಅಳುವೇ ಬಂತು. "ತುಕ್ಕು ಅಂತ ಅಂದಿದ್ರ ಯಾರಿಗೆ ಗೊತ್ತಾಗ್ತಿತ್ತು ಕಾಕಾ?"

"ತುಕ್ಕು ಒರಸೂದು ಡ್ರೈವರನ ಕೆಲಸ ಅಲ್ಲೇನೋ ಹುಚ್ಚಪ್ಪಾ? ನಿನ್ನ ಚಾವಿ ಹೋಗ್ತಿತ್ತು" ಎಂದು ಕಾಕಾ ಸ್ಟೇಷನ್ನಿನ ಕಡೆ ನಡೆದ.