ಮಾವ ಒಣಗಿಸಿದ ಕಡಲ ಕೆಸರು

ಕಡಲ ತಳದ ಕೆಸರಿನೊಳಗೆ ನೀರು ಎಷ್ಟು ಸರಾಗವಾಗಿ ಹರಿದೀತು ಎಂದು ಅಂದಾಜು ಮಾಡುವುದೇ ನನ್ನ ಘನ ಉದ್ಯೋಗ. ಹಸಿ ಕೆಸರನ್ನು ಅಯಸ್ಕಾಂತದ ಯಂತ್ರದಲ್ಲಿಟ್ಟರೆ, ಕಣಗಳ ಸಂದಿಯಲ್ಲಿರುವ ನೀರು ಸಣ್ಣದೊಂದು ಮರುದನಿ ಕೊಡುತ್ತದೆ. ಅದು ಬೇಗ ಅಡಗಿದರೆ ಸಂದಿ ಕಿರಿದು, ತಡವಾದರೆ ಹಿರಿದು. ನೀರೇ ಇಲ್ಲದಿದ್ದರೆ ಯಂತ್ರಕ್ಕೆ ಮೌನವ್ರತ; ಒಮ್ಮೆ ಒಣಗಿದರೆ ಸಂದಿಗಳೂ ಮೊದಲಿನಂತೆ ಉಳಿಯವು.

ಕಾರವಾರದಿಂದ ಬರುವಾಗ ಅಂಥ ಕೆಸರಿನ ನಳಿಕೆಯೊಂದನ್ನು ಬ್ಯಾಡಗಿಯ ಸೋದರಮಾವನಿಗೆ ಒಪ್ಪಿಸಿದೆ. ಮಾವ ಮೆಣಸಿನಕಾಯಿ ವ್ಯಾಪಾರಿ. ಎರಡು ದಿನ ಕೋಲ್ಡ್ ಸ್ಟೋರೇಜಿನಲ್ಲಿಡಿ ಎಂದು ಹೇಳಿ ರಾಣೆಬೆನ್ನೂರಿನ ಮದುವೆಗೆ ಹೋದೆ. ಇದ್ದದ್ದು ಅದೊಂದೇ ನಳಿಕೆ. ಇನ್ನೊಂದು ಬೇಕೆಂದರೆ ಹಡಗು ಮತ್ತೆ ಕಡಲಿಗಿಳಿಯಬೇಕು.

ಮರಳಿ ಬಂದಾಗ ನನ್ನ ಕೆಸರು ಅಂಗಳದಲ್ಲಿ, ಮೆಣಸಿನಕಾಯಿಯ ಪಕ್ಕ, ಗೋಣಿತಾಟಿನ ಮೇಲೆ ಬಿಸಿಲಿಗೆ ಹರಡಿಕೊಂಡಿತ್ತು.

“ಮಾವಾ, ಇದೇನ್ರಿ?”

“ಹಸೀ ಮಾಲು ಯಾರರ ಸ್ಟೋರೇಜಿಗೆ ಇಡ್ತಾರೇನೋ ಶಾಣ್ಯಾ? ಕೊಳತು ಹೋಗತೈತಿ. ನಿನ್ನೆಯಿಂದ ಒಣಗಸಾಕತ್ತೇನಿ. ಹಿಚುಕಿ ನೋಡು, ಹನಿ ನೀರಿಲ್ಲ!”

“ನನಗ ನೀರೇ ಬೇಕಾಗಿತ್ರಿ.”

ಜೀವಮಾನವಿಡೀ ತೇವದ ಮೇಲೆ ಯುದ್ಧ ಹೂಡಿದ ಮಹನೀಯರು ಒಂದು ಕ್ಷಣ ತಲೆ ತಗ್ಗಿಸಿದರು. ಆಮೇಲೆ ಒಳಗೆ ಹೋಗಿ, ತುಂಬಿದ ತಂಬಿಗೆಯನ್ನೂ ಉಪ್ಪಿನ ಡಬ್ಬಿಯನ್ನೂ ತಂದರು.

“ಸಮುದ್ರದ್ದಲ್ಲೇನ? ಉಪ್ಪು ಎಷ್ಟ ಹಾಕಲಿ, ಹೇಳು.”